ಹಲ್ಲಿ ಕೊಂಡ ಗಾಜು

ಗಾಜು ಒಡೆದ ಸದ್ದಿಗೆ ಬೀದಿಯ ನಾಯಿಗಳೆಲ್ಲ ವಾರವಿಡೀ ಬೊಗಳುವುದನ್ನೇ ಮರೆತವು. ನಂಬುವವರು ನಂಬಿ, ನಂಬದವರು ಹೋಗಿ ಆ ನಾಯಿಗಳನ್ನೇ ಕೇಳಿ.

ಬಿದ್ದದ್ದು ಒಂದು ಕೋಲು. ತುದಿಗೆ ವೈಪರ್ ಕಟ್ಟಿದ, ಸೋಪುನೀರಿನಲ್ಲಿ ಒದ್ದೆಯಾದ ಕೋಲು. ಮೊದಲ ಮಹಡಿಯ ಕಿಟಕಿ ಒರೆಸುತ್ತಿದ್ದವಳ ಕೈಯಿಂದ ಜಾರಿ, ಕೆಳಗಿನ ಟೈಲರ್ ಅಂಗಡಿಯ ಆಳೆತ್ತರದ ಗಾಜಿಗೆ ತಾಗಿತು. ತಾಗಿತು ಅಷ್ಟೇ. ಗಾಜು ಮಾತ್ರ ಇಂಥದೊಂದು ನೆಪಕ್ಕೇ ಕಾದು ಕೂತಿದ್ದಂತೆ ಮೇಲಿಂದ ಕೆಳತನಕ ಇಳಿದುಬಿಟ್ಟಿತು.

ಏಣಿಯ ಮೇಲಿದ್ದವಳು ಹಲ್ಲಿ. ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಗೋಡೆಗೆ ಅಂಟಿಕೊಂಡು ಬದುಕುವವಳಿಗೆ ಬೀದಿ ಇಟ್ಟ ಹೆಸರೇ ನಿಂತಿತು. ಅವಳು ಒರೆಸಿದ ಗಾಜಿನಲ್ಲಿ ಮುಖ ನೋಡಿಕೊಳ್ಳದೆ ಸೂರ್ಯ ಕೂಡ ಕೆಲಸಕ್ಕೆ ಹೊರಡುತ್ತಿರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ನಾಚಿಕೆಯಿಂದ ಸ್ವಲ್ಪ ಕಡಿಮೆಯೇ ಹೇಳುತ್ತಿದ್ದೇನೆ.

ಅವಳಿಗೆ ಯಜಮಾನರಿಲ್ಲ, ಸಂಬಳವಿಲ್ಲ. ಇದ್ದದ್ದು ಬಕೆಟ್ಟು, ಕೋಲು, ಮತ್ತು ಇದೇ ಕೆಲಸ ಮಾಡುತ್ತಲೇ ತೀರಿಹೋದ ಅಮ್ಮನ ಉದ್ದನೆಯ ಮರದ ಏಣಿ. ಅದರ ಮೆಟ್ಟಿಲುಗಳಲ್ಲಿ ಅಮ್ಮನ ಪಾದ ಸವೆಸಿದ ಗುಳಿಗಳಿದ್ದವು. ಮಗಳ ಪಾದ ಅದರಲ್ಲೇ ಹೋಗಿ ಕೂರುತ್ತಿತ್ತು.

ಇಳಿದು ಬಂದವಳ ಎದುರಿಗೆ, ಚೂರುಗಳ ರಾಶಿಯ ಆಚೆ ಅವನು ನಿಂತಿದ್ದ. ಬಾಯಿ ತುಂಬ ಗುಂಡುಸೂಜಿ, ಕೊರಳಲ್ಲಿ ಅಳತೆ ಟೇಪು. ಬೀದಿ ಅವನನ್ನು ಸೂಜಿ ಅನ್ನುತ್ತಿತ್ತು. ಕೆಲಸಕ್ಕೂ ಹೌದು, ನಾಲಿಗೆಗೂ ಹೌದು. ಮೇಲಿನ ಮಹಡಿಯಲ್ಲಿ ಉಗುರು ಚಂದ ಮಾಡುವ ಅಂಗಡಿ ಇಟ್ಟಿದ್ದವಳು ಅವನ ಅಕ್ಕ.

ಅವನು ಒಂದೊಂದೇ ಸೂಜಿ ಬಾಯಿಂದ ತೆಗೆದು ಮಣಿಕಟ್ಟಿನ ದಿಂಬಿಗೆ ಚುಚ್ಚಿದ. ಆಮೇಲೆ ತಲೆಯೆತ್ತಿ ಅವಳನ್ನು ನೋಡಿದ.

ಅಯ್ಯೋ... ಆ ಕಣ್ಣು!

ಕಿಟಕಿ ಒರೆಸುವವರಿಗೆ ಒಂದು ಪಾಠ ಇದೆ. ಏನೇ ಒಡೆಯಲಿ, ಮೊದಲು ಬಾಯಿ ಮುಚ್ಚಿಕೊಳ್ಳಬೇಕು. ಚೂರು ಮುಟ್ಟದೆ ಫೋಟೊ ತೆಗೆಯಬೇಕು. ಹಳೆಯ ಬಿರುಕು ಏನಾದರೂ ಇತ್ತೇ ಎಂದು ನೋಡಬೇಕು. ತಪ್ಪು ಯಾರದೆಂಬುದು ಆಮೇಲಿನ ಮಾತು. ಹಲ್ಲಿಗೆ ಈ ಪಾಠ ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಬಾಯಿಪಾಠವಾಗಿತ್ತು.

"ತಪ್ಪು ನನ್ನದೇ," ಅಂದಳು. "ಖರ್ಚೆಲ್ಲ ನಾನೇ ಕೊಡ್ತೀನಿ."

"ನಾನಿನ್ನೂ ಕೇಳೇ ಇಲ್ಲ."

"ಕೇಳ್ತೀರಲ್ಲ?"

ಸೂಜಿ ಚೂರುಗಳತ್ತ ಒಮ್ಮೆ ನೋಡಿದ. ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದ.

"ಕೇಳದೆ ಬಿಡ್ತೀನಾ?" ಅಂದ.

ಅವಳ ಸೋದರಮಾವ ವಿಮೆ ಮಾರುವವನು. ಸುದ್ದಿ ಕೇಳಿ ಹಣೆ ಚಚ್ಚಿಕೊಂಡ.

"ಅಲ್ಲೇ ಒಪ್ಕೊಂಡೆಯಾ? ಕಳ್ಳನೂ ಪೊಲೀಸ್ ಬರೋ ತನಕ ಕಾಯ್ತಾನೆ ಕಣೇ."

"ವಿಮೆ ಇದೆಯಲ್ಲ ಮಾವ..."

"ಇತ್ತು. ಕೆಲಸ ಕಡಿಮೆ ಇದೆ, ಈ ಸಲ ಕಂತು ಕಟ್ಟಲ್ಲ ಅಂದೋಳು ಯಾರು? ಛತ್ರಿ ಮಾರ್ಕೊಂಡು ಮಳೆಗೆ ನಿಂತವಳು ನೀನು." ಆಮೇಲೆ ಕೊಂಚ ಮೆತ್ತಗಾದ. "ಅವನ ಬಾಯಿಮಾತಿಗೆ ದುಡ್ಡು ಕೊಡಬೇಡ. ಗಾಜಿನಂಗಡಿ ಬಿಲ್ ತೋರ್ಸು ಅನ್ನು. ಕಂತು ಮಾಡ್ಕೋ. ನೋಡೋಕೆ ಹೇಗಿದಾನೆ?"

"ಯಾರು?"

"ಗಾಜು, ಮತ್ಯಾರು," ಅಂದ ಮಾವ, ಅವಳ ಮುಖವನ್ನೇ ನೋಡುತ್ತ.

ಸೂಜಿ ಬಿಲ್ ತೋರಿಸಿದ. ಶನಿವಾರ ಶನಿವಾರ ಕಂತು ಎಂದಾಯಿತು.

ಅಲ್ಲಿಂದ ಶುರುವಾದದ್ದನ್ನು ಕಷ್ಟ ಅನ್ನಬೇಕೋ ಪ್ರೀತಿ ಅನ್ನಬೇಕೋ, ನನ್ನಂಥ ಬುದ್ಧಿವಂತರಿಗೂ ತಿಳಿಯದು. ಅವಳು ಕೊಟ್ಟ ನೋಟುಗಳನ್ನು ಅವನು ಎಣಿಸುತ್ತಿದ್ದ. ಎಣಿಸಿದ್ದನ್ನು ಮತ್ತೆ ಎಣಿಸುತ್ತಿದ್ದ. ಹೊಸ ಗಾಜನ್ನು ಬಿಟ್ಟಿ ಒರೆಸಿಕೊಡಿ ಅನ್ನುತ್ತಿದ್ದ. ಒರೆಸಿ ಮುಗಿದ ಮೇಲೆ ಒಳಗಿನಿಂದ ಬೆರಳೊತ್ತಿ, "ಇಲ್ಲೊಂದು ಕಲೆ," ಅನ್ನುತ್ತಿದ್ದ. ಅವಳು ಹೊರಗಿನಿಂದ ಅದೇ ಜಾಗದಲ್ಲಿ ಉಜ್ಜುತ್ತಿದ್ದಳು. ಗಾಜಿನ ಆಚೆ ಅವನ ಬೆರಳು, ಈಚೆ ಅವಳದು.

'ಕಲೆ ಒಳಗಡೆ ಇದೆ ಅಂತ ಇವನಿಗೆ ಗೊತ್ತು,' ಅಂದುಕೊಳ್ಳುತ್ತಿದ್ದಳು. 'ನನಗೂ ಗೊತ್ತು. ಮತ್ತೆ ಯಾಕೆ ಉಜ್ಜುತ್ತಾ ಇದೀನಿ...'

ಒಂದು ಶನಿವಾರ ಅವಳ ಪ್ಯಾಂಟಿನ ಮಂಡಿ ಹರಿದಿತ್ತು. ಅವನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕೆಳಗೆ ಕೂತು, ಹಾಗೇ ಹೊಲಿದ. ಕೈಯಲ್ಲಿದ್ದ ಸೂಜಿ ಒಮ್ಮೆಯೂ ಚರ್ಮಕ್ಕೆ ತಾಗಲಿಲ್ಲ. ಅವಳ ಎದೆಬಡಿತಕ್ಕೆ ಗೋಡೆಯ ಹ್ಯಾಂಗರುಗಳೆಲ್ಲ ಗಲಗಲ ಅಂದವು.

"ಥ್ಯಾಂಕ್ಸ್," ಅಂದಳು.

"ದಾರದ ದುಡ್ಡು ಕಂತಿಗೆ ಸೇರಿಸ್ತೀನಿ," ಅಂದ.

ಆಮೇಲೊಂದು ಶನಿವಾರ ಕಂತು ಕಡಿಮೆ ಬಿತ್ತು. ಅಂಗಡಿಯಲ್ಲಿ ಗಿರಾಕಿಗಳಿದ್ದರು.

"ಮುಂದಿನ ವಾರ ಪೂರ್ತಿ ಕೊಡ್ತೀನಿ."

"ಮುಂದಿನ ವಾರ ಅನ್ನೋರನ್ನ ಬೇಕಾದಷ್ಟು ನೋಡಿದೀನಿ," ಅಂದ ಸೂಜಿ, ಎಲ್ಲರಿಗೂ ಕೇಳುವಂತೆ. "ಆಗಲ್ಲ ಅಂದ್ರೆ ಹೇಳಿಬಿಡಿ. ಪಾಪ ಅಂತ ಬಿಟ್ಟುಬಿಡ್ತೀನಿ."

ಗಿರಾಕಿಯೊಬ್ಬ ನಕ್ಕ. ಆ 'ಪಾಪ' ಅವಳಿಗೆ ನಾಟಿತು.

ಅಮ್ಮನ ಏಣಿಯನ್ನು ಹೂಗಿಡ ಮಾರುವವನೊಬ್ಬ ಕೊಂಡ. ಅವಳು ದುಡ್ಡು ಮಡಚಿಕೊಳ್ಳುವಷ್ಟರಲ್ಲಿ ಗರಗಸ ತಂದು ಅದನ್ನು ನಡುವಿಗೆ ಸರಿಯಾಗಿ ಕೊಯ್ದ. ಕುಂಡ ಇಡಲು ಗಿಡ್ಡ ಏಣಿಗಳೇ ಅನುಕೂಲವಂತೆ. ಮರದ ಪುಡಿ ಅವಳ ಚಪ್ಪಲಿಯ ಮೇಲೆ ಬಿತ್ತು. ಅವಳು ಕೊಡವಲಿಲ್ಲ.

ಏಣಿಯಿಲ್ಲದವಳಿಗೆ ಮಹಡಿಯ ಕೆಲಸವಿಲ್ಲ. ಸೂಜಿಯ ಅಕ್ಕನೂ ಕಿಟಕಿ ಒರೆಸಲು ಬೇರೆಯವರನ್ನು ಗೊತ್ತುಮಾಡಿದಳು.

ಹಲ್ಲಿ ಕೊನೆಯ ಕಂತನ್ನು ಮೇಜಿನ ಮೇಲಿಟ್ಟಳು.

"ಏಣಿ ಎಲ್ಲಿ?" ಅಂದ ಸೂಜಿ.

"ನಿಮ್ಮ ಗಾಜಾಯ್ತು."

ಅವನ ಮುಖ ಸುಣ್ಣವಾಯಿತು. ಆದರೂ ಕೈ ಮುಂದೆ ಹೋಗಿ ದುಡ್ಡು ತೆಗೆದುಕೊಂಡಿತು. ಆ ಕೈಯನ್ನು ನಾನಾದರೆ ಅಲ್ಲೇ ಕತ್ತರಿಯಲ್ಲಿ ಕತ್ತರಿಸುತ್ತಿದ್ದೆ.

ಗಾಜು ಒರೆಸಿದ ಬಕೆಟ್ಟಿನ ನೀರು ಚೆಲ್ಲಲು ಅವಳು ಅಂಗಡಿಯ ಹಿತ್ತಲಿಗೆ ಹೋದಳು. ಮೂಲೆಯ ಡ್ರಮ್ಮಿನಲ್ಲಿ ಹಳೆಯ ಚೂರುಗಳಿದ್ದವು. ಮೇಲಿನ ದೊಡ್ಡ ಚೂರಿಗೆ, ಅಂಗಡಿಯ ಬೋರ್ಡಿನಂತೆ ಅಂಟಿಸಿದ್ದ ಕಾಗದ ಇನ್ನೂ ಇತ್ತು: 'ಹೊಲಿದದ್ದು ವಾಪಸ್ ಇಲ್ಲ'. ಅದರ ಒಂದು ಅಂಚು ಎದ್ದಿತ್ತು. ಒಳಗೆ ಏನೋ ಮಿನುಗಿತು.

ಕಾಗದ ಕಿತ್ತಳು. ಕೆಳಗೆ ಗಾಜಿನ ಅಂಚಿನುದ್ದಕ್ಕೂ ದಪ್ಪಗೆ ಬಳಿದ ಬಣ್ಣವಿಲ್ಲದ ನೇಲ್ ಪಾಲಿಶ್. ಒಣಗಿ, ಹಳದಿಯಾಗಿ, ಧೂಳು ಕೂತಿತ್ತು. ಬಿರುಕು ಮುಂದೆ ಹೋಗದಿರಲಿ ಎಂದು ಯಾರೋ ಯಾವತ್ತೋ ಬಳಿದದ್ದು.

"ಅಯ್ಯೋ, ಅದಾ?" ಮೆಟ್ಟಿಲಿಳಿದು ಬಂದ ಅಕ್ಕ ಅಂದಳು. "ನಾನೇ ಬಳಿದಿದ್ದು ಕಣೇ. ಬಾಗಿಲು ಜೋರಾಗಿ ಹಾಕಿದ್ರೆ ಬೀಳುತ್ತೆ ಅಂತ ಉಸಿರು ಹಿಡ್ಕೊಂಡು ಓಡಾಡ್ತಿದ್ವಿ. ನೀನು ಬೀಳಿಸಿದ್ದು ಒಳ್ಳೇದೇ ಆಯ್ತು." ಹಲ್ಲಿಯ ಮುಖ ನೋಡಿ ನಿಂತಳು. "ಇವನು ನಿನ್ನ ಹತ್ರ ದುಡ್ಡು ತಗೊಂಡ್ನಾ?"

ಹಲ್ಲಿ ಅಳಲಿಲ್ಲ. ಬಕೆಟ್ಟಿನಲ್ಲಿ ಗಟ್ಟಿ ಸೋಪು ಕಲಸಿ, ಮುಂದಿನ ಗಾಜಿಗೆ ಮೇಲಿಂದ ಕೆಳತನಕ ಬಳಿದಳು. ಅಂಗಡಿ ಕಾಣದಂತಾಯಿತು. ಆಮೇಲೆ ಬೆರಳಿನಿಂದ, ಊರಿಗೇ ಕಾಣುವಷ್ಟು ದೊಡ್ಡದಾಗಿ ಬರೆದಳು: 'ಈ ಗಾಜು ಹಲ್ಲಿ ಕೊಂಡದ್ದು'.

ಒಳಗಿನಿಂದ ಅವನು ಅಕ್ಷರಗಳ ಸಂದಿಯಲ್ಲಿ ಅವಳನ್ನು ನೋಡುತ್ತಿದ್ದ. ಅವಳು ತಿರುಗಿ ನೋಡದೆ ಹೋದಳು.

ವಾರ ಕಳೆದ ಮೇಲೆ ಮಾವ ಬಂದ.

"ಅವನು ಅದನ್ನ ಒರೆಸಿಲ್ಲ ಕಣೇ. ಕೇಳಿದೋರಿಗೆಲ್ಲ, ಹೌದು, ಗಾಜು ಅವಳದೇ, ನಾನು ಮೋಸ ಮಾಡಿದೆ ಅಂತಿದಾನೆ. ಮದುವೆ ಕೋಟಿನ ಅಳತೆ ಕೊಡೋಕೆ ಬಂದವರು ಬಾಗಿಲಿಂದಲೇ ವಾಪಸ್ ಹೋದರು."

'ಹೋಗಲಿ. ಹಾಳಾಗಲಿ,' ಅಂದುಕೊಂಡಳು. ಎಷ್ಟೊಂದು ಸಂತೋಷವಾಯಿತೆಂದರೆ, ಹೋಗಿ ನಲ್ಲಿ ತಿರುಗಿಸಿ, ಅದರ ಸದ್ದಿನಲ್ಲಿ ಅಳಬೇಕಾಯಿತು.

ಶನಿವಾರ ಬಾಗಿಲು ತಟ್ಟಿದ ಸದ್ದು. ಸೂಜಿ ನಿಂತಿದ್ದ. ಹೆಗಲ ಮೇಲೆ ಅರ್ಧ ಏಣಿ.

"ಯಾಕೆ ಮಾಡಿದ್ರಿ?" ಅಂದಳು. "ಚಂದದ ಸುಳ್ಳು ಹೇಳಿದ್ರೆ ಬಾಗಿಲು ಹಾಕ್ತೀನಿ."

"ಮೊದಲನೇ ವಾರ ದುಡ್ಡಿಗೆ. ಗಾಜು ಇವತ್ತೋ ನಾಳೆಯೋ ಬೀಳೋದಿತ್ತು, ನನ್ನ ಹತ್ರ ಕಾಸಿರಲಿಲ್ಲ. ನೀವಾಗೇ ಕೊಡ್ತೀನಿ ಅಂದ್ರಿ."

"ಆಮೇಲೆ?"

"ನಿಜ ಹೇಳಿದ್ರೆ ನೀವು ಮತ್ತೆ ಬರ್ತಿರಲಿಲ್ಲ." ಅವನು ತಲೆ ತಗ್ಗಿಸಿದ. "ಅಷ್ಟು ತಿಂಗಳು ನಮ್ಮ ಮೇಲಿನ ಮಹಡೀಲಿ ಕೆಲಸ ಮಾಡಿದ್ರಿ. ನಾನು ನಿಮ್ಮ ಚಪ್ಪಲಿ ಅಟ್ಟೆ ಬಿಟ್ಟು ಬೇರೇನೂ ನೋಡಿರಲಿಲ್ಲ."

"ಅಂದ್ರೆ ಅರ್ಧ ದುಡ್ಡು, ಅರ್ಧ ನಾನು."

"ಹೂಂ."

ಇಷ್ಟು ಕೊಳಕು ಪ್ರೇಮನಿವೇದನೆಯನ್ನು ಲೋಕದಲ್ಲಿ ಯಾವ ಹೆಣ್ಣೂ ಕೇಳಿರಲಿಕ್ಕಿಲ್ಲ. ಆದರೆ ಒರೆಸುವ ಅಗತ್ಯವಿಲ್ಲದಷ್ಟು ಸ್ವಚ್ಛವಾಗಿ ಅವನು ಆಡಿದ ಮೊದಲ ಮಾತು ಅದು. ಹಲ್ಲಿಗೆ ಅದು ತಿಳಿಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ನನ್ನ ದುಡ್ಡು?"

"ಶನಿವಾರ ಶನಿವಾರ ತಂದ್ಕೊಡ್ತೀನಿ. ಒಂದೇ ಸಲ ಇಲ್ಲ."

"ನಾನು ಎರಡು ಸಲ ಎಣಿಸ್ತೀನಿ. ಜನರ ಮುಂದೆ."

"ಎಣಿಸಿ."

ಅವಳು ಏಣಿಯನ್ನು ಮುಟ್ಟಿದಳು. ಮೇಲಿನ ಅರ್ಧ. ಗುಳಿಗಳು ಇಲ್ಲಿ ಕಡಿಮೆ ಆಳ. "ಕೆಳಗಿನದು?"

"ಎಷ್ಟು ಕೇಳಿದ್ರೂ ಕೊಡಲಿಲ್ಲ. ಅದರ ಮೇಲೆ ಕುಂಡ ಇಟ್ಟಾಗಿದೆ." ಅವನು ಏಣಿಯನ್ನು ಹೆಗಲಿಂದ ಇಳಿಸಿ ಗೋಡೆಗೆ ಒರಗಿಸಿದ. "ಅದನ್ನ ನಾನು ತರೋಕಾಗಲ್ಲ... ಯಾವತ್ತೂ ಆಗಲ್ಲ."

ಆ ನಷ್ಟಕ್ಕೆ ಯಾವ ವಿಮೆಯೂ ಇರಲಿಲ್ಲ. ಅವಳು ಏಣಿಯ ಎತ್ತರವನ್ನು ಕಣ್ಣಲ್ಲೇ ಅಳೆದಳು.

"ಇಷ್ಟರಲ್ಲಿ ನಿಮ್ಮಕ್ಕನ ಕಿಟಕಿ ಸಿಗಲ್ಲ."

"ಕೆಳಗಿನ ಅರ್ಧ ನಾನಾಗ್ತೀನಿ."

ಮರುದಿನ ಬೀದಿಯೆಲ್ಲ ನೋಡಿತು. ಸೂಜಿ ತನ್ನ ಅಂಗಡಿಯ ಮುಂದೆ ಮೇಜು ಹಾಕಿ, ಅದರ ಮೇಲೆ ಗೋಡೆ ಹಿಡಿದು ನಿಂತಿದ್ದ. ಹಲ್ಲಿ ಅರ್ಧ ಏಣಿ ಹತ್ತಿ, ಅಲ್ಲಿಂದ ಅವನ ಹೆಗಲಿಗೆ ಕಾಲಿಟ್ಟಳು. ಕೆಸರು ಮೆತ್ತಿದ ಚಪ್ಪಲಿ ಬಿಡಲಿಲ್ಲ. ಬೇಕೆಂದೇ ಬಿಡಲಿಲ್ಲ.

"ಭಾರ ಇದೆಯಾ?" ಮೇಲಿನಿಂದ ಕೇಳಿದಳು.

"ಇದೆ."

"ಇರಲಿ. ಕೈ ಜಾರಿ ಏನಾದ್ರೂ ಒಡೆದ್ರೆ ಖರ್ಚು ಯಾರದು?"

"ನಂದೇ. ಎಲ್ಲಾ ನಂದೇ."

"ಬಾಯಿಮಾತು ನಂಬಲ್ಲ ನಾನು," ಅಂದಳು ಹಲ್ಲಿ. ಒಂದು ಪಾದ ಸರಿಸಿ, ಅವನ ಹೆಗಲಲ್ಲಿ ಗುಳಿ ಹುಡುಕುತ್ತ. "ಅಲುಗಾಡಬೇಡ. ಇನ್ನೂ ತುಂಬಾ ದಿನ ನಿಲ್ಲಬೇಕು ನೀನು."