ಮಣಿಕೂಡಲಿನ ಮೂರನೆಯ ತಾಂಬೂಲ

ಬಹಳ ಬಹಳ ಹಿಂದೆ, ಹೊಳೆಗಳಿಗೂ ಮಾಟ ತಟ್ಟುತ್ತಿದ್ದ ಕಾಲದಲ್ಲಿ, ಮಣಿಕೂಡಲು ಎಂಬ ಒಂದು ಪಟ್ಟಣವಿತ್ತು. ಅದು ತನ್ನ ರಾಜಧಾನಿ ಎಂದು ಮೂಡಲನಾಡಿನ ಅರಸ ದಂಡಪಾಲ ಹೇಳುತ್ತಿದ್ದ. ಅಲ್ಲ, ತಮ್ಮದು ಎಂದು ಪಡುವಲನಾಡಿನವರು ಹೇಳುತ್ತಿದ್ದರು. ಮೂಡಲ ಕೇರಿಯಲ್ಲಿ ಅವರು, ಪಡುವಲ ಕೇರಿಯಲ್ಲಿ ಇವರು. ಇಬ್ಬರಿಗೂ ನಡುವೆ ದೇವರ ಗುಡಿ ಒಂದೇ.

ದಂಡಪಾಲನ ಬಳಿ ಮಾರಕೇತನೆಂಬ ಮಾಂತ್ರಿಕನಿದ್ದ. "ಪ್ರಭು, ಮೂರು ಪರನಾಡಿನ ದೂತರು ಇಲ್ಲಿಗೆ ಬಂದು, ಇದು ನಿಮ್ಮ ರಾಜಧಾನಿಯೆಂದು ಒಪ್ಪಿ ತಾಂಬೂಲ ಹಿಡಿಯಲಿ. ಪಡುವಲ ಕೇರಿಯೇ ಕಲ್ಲಾಗುತ್ತದೆ" ಎಂದ.

ಮೊದಲ ದೂತ ಅರಸ ಕೊಡುವೆನೆಂದ ಹಾರುವ ಕುದುರೆಗೆ ಆಸೆಪಟ್ಟು ತಾಂಬೂಲ ಹಿಡಿದ. ಪಡುವಲ ಕೇರಿಯ ಬಾಯಿ ಕಟ್ಟಿತು. ಎರಡನೆಯ ದೂತ ಆರದ ದೀಪಕ್ಕೆ ಆಸೆಪಟ್ಟು ತಾಂಬೂಲ ಹಿಡಿದ. ಕೇರಿಯವರ ಕೈಕಾಲು ಕಲ್ಲಾದವು.

ಮೂರನೆಯದು ಕಿರುನಾಡು. ಅಲ್ಲಿನ ಮಂತ್ರಿಗಳು ಹೋಗಲು ಹೆದರಿದರು. ಅಂಬಿಗರ ಸಿಂಗಣ್ಣ ದೂತನಾಗಿ ಹೊರಟ. ಅವನ ಅಕ್ಕ ನಾಗವ್ವನನ್ನು ಕೊಟ್ಟದ್ದು ಪಡುವಲ ಕೇರಿಗೇ. ಹೋಗಿ ನೋಡಿದರೆ, ಸೌಟು ಹಿಡಿದ ಕೈ ಹಾಗೇ ಕಲ್ಲಾಗಿದೆ. "ಅಕ್ಕಾ" ಎಂದ. ಕಣ್ಣು ಮಾತ್ರ ಹೊರಳಿತು.

"ಹೊತ್ತು ಮುಳುಗುವುದರೊಳಗೆ ತಾಂಬೂಲ ಹಿಡಿ. ಇಲ್ಲವಾದರೆ ನಿಮ್ಮ ಹೊಳೆಯನ್ನು ಮಾರಕೇತ ಬತ್ತಿಸುತ್ತಾನೆ" ಎಂದ ದಂಡಪಾಲ.

ಹಿಡಿದರೆ ಅಕ್ಕ ಇಲ್ಲ, ಬಿಟ್ಟರೆ ನೀರಿಲ್ಲ. ಸಿಂಗಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ.

ತಾಂಬೂಲದ ತಟ್ಟೆ ಒಮ್ಮೆ ಬಂತು. "ಸ್ನಾನ ಆಗಿಲ್ಲ" ಎಂದ. ಮತ್ತೆ ಬಂತು. "ದೇವರಿಗೆ ಕೈಮುಗಿದಿಲ್ಲ" ಎಂದು ಗುಡಿಗೆ ನಡೆದ. ಸುತ್ತು ಬಂದ, ಮತ್ತೆ ಸುತ್ತು ಬಂದ. ಒಳಗೆ ಪೂಜಾರಿ ಪ್ರಸಾದ ಹಂಚುತ್ತ, "ಎಲ್ಲರಿಗೂ ಮುಟ್ಟಿತೇನ್ರಪ್ಪಾ?" ಎಂದು ಕೂಗಿದರು. ಸಿಂಗಣ್ಣ ಗಕ್ಕನೆ ನಿಂತ.

ಸಭೆಗೆ ಮರಳಿ, ಮೂರನೆಯ ಸಲ ತಟ್ಟೆ ಬಂದಾಗ ಅರಸನನ್ನು ಕೇಳಿದ: "ಸ್ವಾಮಿ, ಮನೆಯವರೆಲ್ಲರ ಊಟ ಆಯ್ತಾ? ಅದನ್ನು ಕೇಳದೆ ನಮ್ಮ ಕಡೆ ನೆಂಟರು ಎಲೆಯಡಿಕೆ ಮುಟ್ಟೋದಿಲ್ಲ."

"ಆಯ್ತು, ಹಿಡಿ."

"ಪಡುವಲ ಕೇರಿಯವರದು?"

"ಅವರು ನಮ್ಮವರಲ್ಲ!"

"ಹಾಗಾದರೆ ಅರ್ಧ ಊರು ನಿಮ್ಮದಲ್ಲ ಅಂದ ಹಾಗಾಯ್ತು. ಅರ್ಧ ರಾಜಧಾನಿಗೆ ಅರ್ಧ ಎಲೆ ಹಿಡಿಯಲೇ?"

ಸಭೆ ಕಿಸಕ್ಕೆಂದಿತು. ಅರಸನ ಮುಖ ಕೆಂಪಾಯಿತು. "ಇಡೀ ಊರು ನನ್ನದು! ಊರವರೆಲ್ಲ ನನ್ನವರು!"

"ಸಂತೋಷ. ಹಾಗಾದರೆ ಅವರಿಗೂ ಊಟದ ಎಲೆ ಹಾಕಿಸಿ. ನಾನು ಕಾಯ್ತೀನಿ."

"ಬೇಡ ಪ್ರಭು, ಅವರು ಉಣ್ಣಬೇಕಾದರೆ ಮಾಟ ಬಿಚ್ಚಬೇಕು. ಬಿಚ್ಚಿದರೆ ಅದು ನನಗೇ ತಿರುಗುತ್ತದೆ" ಎಂದು ಮಾರಕೇತ ಕಾಲಿಗೆ ಬಿದ್ದ.

"ಬಿಚ್ಚೋ! ಹೊತ್ತು ಮುಳುಗ್ತಿದೆ!"

ಮಾರಕೇತ ಮಾಟ ಬಿಚ್ಚಿದ, ನಿಂತಲ್ಲೇ ಕಲ್ಲಾದ. ಪಡುವಲ ಕೇರಿ ಎದ್ದು ಬಂತು. ಗುಡಿಯ ಅಂಗಳದಲ್ಲಿ ಎರಡೂ ಕೇರಿಯವರು ಒಂದೇ ಪಂಕ್ತಿಯಲ್ಲಿ ಉಂಡರು.

"ಏನೋ ಸಿಂಗಾ, ಹೀಗೆ ಸೊರಗಿದ್ದೀಯ? ದೂತನಿಗೆ ಅನ್ನ ಹಾಕಲ್ವೇನೋ ನಿಮ್ಮ ಅರಸ?" ಎಂದು ನಾಗವ್ವ ಇನ್ನೊಂದು ಸೌಟು ಬಡಿಸಿದಳು.

ದಂಡಪಾಲ ಮತ್ತೆ ತಟ್ಟೆ ಚಾಚಿದ. ಸಿಂಗಣ್ಣ ಅದನ್ನು ದೇವರ ಮುಂದಿಟ್ಟ. "ಇದು ಯಾರ ರಾಜಧಾನಿ ಅಂತ ಹೊರಗಿನವನು ನಾನು ಹೇಳಲಾರೆ. ಎರಡೂ ಕೇರಿಯ ಹಿರಿಯರು ಕೂಡಿ ಕೊಟ್ಟ ದಿನ ಕೈಯೊಡ್ಡುತ್ತೇನೆ."

ಬತ್ತಿಸುವವನೇ ಕಲ್ಲಾಗಿದ್ದರಿಂದ ಹೊಳೆ ಹರಿಯುತ್ತಲೇ ಇತ್ತು. ಮಾತುಕತೆಗೆ ಏಳು ವರ್ಷ ಹಿಡಿಯಿತು, ಜಗಳವೂ ಆಯಿತು. ಎಂಟನೆಯ ವರ್ಷ ಹಿರಿಯರಿಬ್ಬರು ಒಂದೇ ತಟ್ಟೆ ಹಿಡಿದು ನಿಂತರು. ಮಣಿಕೂಡಲು ಎರಡೂ ನಾಡಿಗೆ ರಾಜಧಾನಿಯಾಯಿತು. ಸಿಂಗಣ್ಣ ಎರಡು ಕೈಯಲ್ಲೂ ತಾಂಬೂಲ ಹಿಡಿದು ಕಣ್ಣಿಗೊತ್ತಿಕೊಂಡ. ಅಂದಿನಿಂದ ಆ ಊರಿನಲ್ಲಿ ಎಲ್ಲರೂ ಉಂಡು ಸುಖವಾಗಿದ್ದರು. ಅವರನ್ನು ಕಾಯ್ದ ದೇವರು ನಮ್ಮನ್ನೂ ಕಾಯಲಿ.