ಖಾಲಿ ಮಾಡಿದ ತಟ್ಟೆ

"ಕೈ ತೆಗೀರಿ!"

ಗಂಗಾಂಬಿಕಾ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು.

ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆ ಪಕ್ಕದ ಬಾಳೆತೋಟಕ್ಕೆ ಅಂಟಿಕೊಂಡಂತೆ 'ನೆರಳು' ನಿಲಯವಿದೆ. ಕೈಕಾಲಿನ ಬಲ ಕಳೆದುಕೊಂಡವರು ಅಲ್ಲಿ ಉಳಿದುಕೊಂಡು ತಮ್ಮ ಬದುಕು ನಡೆಸುತ್ತಾರೆ. ಕುರೆಕುಪ್ಪದ ಗಂಗಾ ಅಲ್ಲಿಗೆ ಅಡುಗೆ ಕೆಲಸಕ್ಕೆಂದು ಬಂದಿದ್ದಳು. ಬಾಗಿಲಿಗೆ ಅಡ್ಡ ನಿಂತ ಗಾಲಿಕುರ್ಚಿ ಕಂಡು, ಪಾಪ, ದಾಟಿಸಿಬಿಡೋಣ ಎಂದು ಹಿಂದಿನಿಂದ ಹಿಡಿಕೆ ಹಿಡಿದು ನೂಕಿದ್ದಳು. ಅಷ್ಟೇ!

ಕುರ್ಚಿ ಗಿರ್ರನೆ ತಿರುಗಿತು. ಕುಳಿತಿದ್ದವನ ಕಣ್ಣು ಕೆಂಪಗಾಗಿತ್ತು.

"ನಿಮ್ಮನ್ನ ಕೇಳದಲೇ ನಾ ಎತ್ತಿ ಆ ಕಡಿಗೆ ಇಟ್ರ ನಿಮಗ ಹೆಂಗಾಗ್ತದ?"

"ತ... ತಪ್ಪಾತ್ರಿ."

ಅವಳ ತುಟಿ ನಡುಗಿದ್ದು ಕಂಡು ಅವನ ಸಿಟ್ಟು ಅಲ್ಲೇ ಇಳಿಯಿತು. "ಅಂಜಬ್ಯಾಡ್ರಿ. ಮುಟ್ಟೋಕಿಂತ ಮುಂಚೆ ಒಂದ್ ಮಾತು ಕೇಳ್ರಿ. ಅಷ್ಟ ಸಾಕು."

ಅವನ ಹೆಸರು ವಿದ್ಯಾಧೀಶ. ಹೊಸಪೇಟೆಯ ವೈಷ್ಣವರ ಮನೆಯ ಹುಡುಗ. ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಲಾರಿಯೊಂದು ಅವನ ಬೈಕಿಗೆ ಗುದ್ದಿ, ಸೊಂಟದ ಕೆಳಗಿನ ಶಕ್ತಿ ಹೋಗಿತ್ತು. ಆದರೆ ಕೈ? ಬಂಗಾರದಂಥ ಕೈ! ಮೊಬೈಲು, ಫ್ಯಾನು, ಇಸ್ತ್ರಿಪೆಟ್ಟಿಗೆ... ಏನು ಕೆಟ್ಟರೂ ಜನ ಅವನ ಕೋಣೆಗೇ ತರುತ್ತಿದ್ದರು.

ಗಂಗಾಳ ಅಡುಗೆಮನೆಯ ಮಿಕ್ಸಿಯೂ ಪದೇ ಪದೇ ಕೆಡತೊಡಗಿತು. ಗುಟ್ಟೊಂದು ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ಆ ಮಿಕ್ಸಿಗೆ ಯಾವ ರೋಗವೂ ಇರಲಿಲ್ಲ! ಒಳಗಿನ ತಂತಿಯನ್ನು ಸಡಿಲ ಮಾಡುತ್ತಿದ್ದವಳು ಇವಳೇ. ಅದು ಅವನಿಗೂ ತಿಳಿದಿತ್ತು. ಆದರೂ ಕಳ್ಳ, ಅರ್ಧ ಗಂಟೆಯ ಕೆಲಸಕ್ಕೆ ಇಡೀ ಮಧ್ಯಾಹ್ನ ತೆಗೆದುಕೊಳ್ಳುತ್ತಿದ್ದ.

ಹೀಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಅವನ ಸೋದರತ್ತೆ ರಾಧಾಬಾಯಿ ಬರುವವರೆಗೆ.

ಆ ಸಂಜೆ ಗಂಗಾ ಇಬ್ಬರಿಗೂ ಚಹಾ ತೆಗೆದುಕೊಂಡು ಕೋಣೆಯ ಬಾಗಿಲಿಗೆ ಬಂದಿದ್ದಳು. ಒಳಗಿಂದ ಅತ್ತೆಯ ದನಿ ಕೇಳಿಸಿತು.

"ಆ ಅಡಿಗಿ ಮಾಡೋ ಹುಡುಗಿ ಯಾರ ಪೈಕಿ? ನಮ್ಮ ಮಂದಿ ಅಂತೂ ಅಲ್ಲ, ಹೌದಲ್ಲೋ?"

"ಅಲ್ಲ ಅತ್ಯಾ," ಎಂದ ವಿದ್ಯಾಧೀಶ. ಆಮೇಲೆ ಸುಮ್ಮನಾದ.

ಆ ಮೌನ ಗಂಗಾಳ ಎದೆಗೆ ನಾಟಿತು. ಚಹಾದ ತಟ್ಟೆಯನ್ನು ಹೊರಗಿನ ಸ್ಟೂಲಿನ ಮೇಲೇ ಇಟ್ಟು ತಿರುಗಿ ಹೋದಳು. 'ಇಷ್ಟು ದಿನ ನನ್ನ ಕೈಲೆ ಉಂಡು, ಈಗ ನಾನು ಯಾರ ಪೈಕಿ ಅಂತ ವಿಚಾರಣಿ!'

ಮರುದಿನ ಬೆಳಿಗ್ಗೆ ನವಣೆ ಉಪ್ಪಿಟ್ಟು ಮಾಡಿದಳು. ಸಿಟ್ಟಿದ್ದರೂ ಅವನಿಗೆಂದು ಕರಿಬೇವು ಹೆಚ್ಚು ಹಾಕಿದಳು. ಹೆಣ್ಣಿನ ಸಿಟ್ಟು ಒಗ್ಗರಣೆಯವರೆಗೂ ಹೋಗುವುದಿಲ್ಲ ನೋಡಿ!

ವಿದ್ಯಾಧೀಶ ಸ್ನಾನ ಮಾಡಿ, ನಾಮ ಹಚ್ಚಿಕೊಂಡು, ತುಳಸಿಮಣಿ ಹಿಡಿದು ಕುಳಿತಿದ್ದ. ತಟ್ಟೆ ನೋಡಿದ. ಅವಳನ್ನು ನೋಡಲಿಲ್ಲ.

"ಇವತ್ತು ಬ್ಯಾಡ್ರಿ. ತಗೊಂಡ್ ಹೋಗ್ರಿ."

"ಯಾಕ್ರಿ? ಮೈಯಾಗ ಆರಾಮಿಲ್ಲೇನು?"

"ಆರಾಮದೀನಿ. ನಾಳೆ ಹೇಳ್ತೀನಿ."

ಅವಳ ಮುಖ ಬಿಸಿಯಾಯಿತು. ನಾಳೆ ಹೇಳುವುದೇನು? ನಿನ್ನೆಯೇ ಗೊತ್ತಾಯಿತಲ್ಲ!

ಆ ನಿಲಯದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಒಬ್ಬೊಬ್ಬರಿಗೂ ಹೆಸರು ಕೆತ್ತಿದ ತಟ್ಟೆ; ಯಾರೇ ಊಟ ಬಿಟ್ಟರೂ ಆ ತಟ್ಟೆಯನ್ನು ತೊಳೆಯುವಂತಿಲ್ಲ, ಚೆಲ್ಲುವಂತಿಲ್ಲ. ಇದ್ದ ಹಾಗೇ ತಂದು ನರ್ಸಮ್ಮನ ಮೇಜಿನ ಮೇಲೆ ಇಡಬೇಕು. ವಂದನಾ ಸಿಸ್ಟರ್ ತಟ್ಟೆ ನೋಡಿಯೇ ಔಷಧದ ಕಪಾಟಿನ ಬೀಗ ತೆಗೆಯುತ್ತಿದ್ದರು. ಅದರಲ್ಲೂ ವಿದ್ಯಾಧೀಶನಿಗೆ ಸಕ್ಕರೆ ಕಾಯಿಲೆ. ಇತ್ತೀಚೆಗಷ್ಟೇ ಮಾತ್ರೆ ಬಿಡಿಸಿ ಇನ್ಸುಲಿನ್ ಸೂಜಿ ಶುರು ಮಾಡಿದ್ದರು. ಊಟ ಸರಿಯಾಗಿ ಮಾಡುವವನಲ್ಲವಾದ್ದರಿಂದ, ತಿಂದದ್ದು ಖಾತ್ರಿಯಾದ ಮೇಲೇ ಚುಚ್ಚಬೇಕೆಂದು ಡಾಕ್ಟರು ಹೇಳಿದ್ದರು.

ಗಂಗಾ ತುಂಬಿದ ತಟ್ಟೆ ಹಿಡಿದು ಪಡಸಾಲೆಯಲ್ಲಿ ನಿಂತಳು. ಮೇಜಿನ ಸುತ್ತ ನಾಲ್ಕಾರು ಜನ ಇದ್ದರು. 'ಈ ತಟ್ಟಿ ಅಲ್ಲಿಟ್ರ ಎಲ್ಲಾರೂ ಕೇಳ್ತಾರ. ಯಾಕ ತಿಂದಿಲ್ಲ ಅಂತ. ನನ್ನ ಕೈದು ಬ್ಯಾಡಂತ ಅಂತ ಹೇಳ್ಲೇನು? ಛೀ...'

ಹಿತ್ತಲಿಗೆ ಹೋದಳು. ಉಪ್ಪಿಟ್ಟನ್ನು ನಾಯಿಯ ಮುಂದೆ ಸುರಿದಳು. ಖಾಲಿ ತಟ್ಟೆಯನ್ನು ತಂದು ಮೇಜಿನ ಮೇಲೆ, ಖಾಲಿ ತಟ್ಟೆಗಳ ಸಾಲಿನಲ್ಲಿ ಇಟ್ಟುಬಿಟ್ಟಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಹಿರಿಯರು ಸುಮ್ಮನೆ ಹೇಳಿಲ್ಲ.

ವಂದನಾ ಸಿಸ್ಟರ್ ತಟ್ಟೆ ನೋಡಿದರು. ಕಪಾಟು ತೆಗೆದರು.

ಸ್ವಲ್ಪ ಹೊತ್ತಿನ ನಂತರ ಗಂಗಾ ಕಾಯಿ ತುರಿಯುತ್ತಿದ್ದಾಗ ಅವನ ಕೋಣೆಯಿಂದ ಠಣ್ ಎಂದು ಸ್ಕ್ರೂಡ್ರೈವರ್ ಬಿದ್ದ ಸದ್ದಾಯಿತು. ಎತ್ತಿಕೊಂಡ ಸದ್ದು ಬರಲಿಲ್ಲ. 'ನನಗೇನು' ಎಂದುಕೊಂಡಳು. ಕಾಲು ಕೇಳಬೇಕಲ್ಲ, ಓಡಿದವು.

ವಿದ್ಯಾಧೀಶ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿದ್ದ. ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಕಣ್ಣು ತೆರೆದಿದ್ದರೂ ನೋಟ ಎಲ್ಲೋ ಇತ್ತು.

"ರೀ... ಏನಾತ್ರಿ?"

"ಲಾರಿ... ಲೈಟ್ ಹಾಕ್ರಿ... ಕತ್ತಲ..."

ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು! ಗಂಗಾ ಹತ್ತಿರ ಬಾಗಿದಳು. ಅವನ ಕೈ ಮುಟ್ಟಿದಳು. ಹಿಮದಂತೆ ತಣ್ಣಗಿತ್ತು.

"ಸಿಸ್ಟರ್! ಜಲ್ದಿ ಬರ್ರಿ! ಸಿಸ್ಟರ್!"

ವಂದನಾ ಓಡಿ ಬಂದರು. ಹಿಂದೆಯೇ ನಿಲಯದ ಮೇಲ್ವಿಚಾರಕ ಕೊಟ್ರಯ್ಯ. ಇಬ್ಬರೂ ಸೇರಿ ಅವನನ್ನು ಮಂಚದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿದರು. ವಂದನಾ ಬೆರಳು ಚುಚ್ಚಿ ಮಷಿನ್ ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಶುಗರ್ ಪೂರಾ ಇಳದೈತಿ!"

ಗಂಗಾ ಹುಚ್ಚಿಯಂತೆ ಅಡುಗೆಮನೆಗೆ ಓಡಿ, ಸಕ್ಕರೆ ನೀರು ಕಲಸಿ ತಂದು ಅವನ ಬಾಯಿಗೆ ಹಿಡಿದಳು. ವಂದನಾ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದರು.

"ಬ್ಯಾಡ! ಎಚ್ಚರಿಲ್ಲದೋರ ಬಾಯಾಗ ಹಾಕಿದ್ರ ಉಸಿರಿಗೆ ಹೋಗ್ತೈತಿ. ಸಾಯ್ತಾರ!"

ಲೋಟ ಅವಳ ಕೈಯಿಂದ ಜಾರಿ ಬಿತ್ತು. ಸಾಯ್ತಾರ... ಆ ಒಂದು ಶಬ್ದ ಅವಳ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಕೊಟ್ರಯ್ಯ ಹಚ್ಚಿದ ಫೋನಿನ ಸ್ಪೀಕರಿನಲ್ಲಿ ಡಾಕ್ಟರು ಕೇಳುತ್ತಿದ್ದರು. "ಬೆಳಿಗ್ಗೆ ತಿಂದಿದ್ರಾ?"

"ತಿಂದಾರ್ರಿ. ಖಾಲಿ ತಟ್ಟಿ ನಾನೇ ನೋಡೇನಿ."

"ಹಾಗಾದ್ರೆ ಸೂಜಿ ತಪ್ಪಿರಬೇಕು! ಯಾವ ಬಾಟಲಿ? ಎಷ್ಟು ಕೊಟ್ರಿ? ಮೊದಲು ಅದನ್ನ ನೋಡಿ ಹೇಳಿ, ಬೇರೆ ಔಷಧಿ ಹೋಗಿದ್ರೆ ಚಿಕಿತ್ಸೆನೇ ಬೇರೆ."

ಕೊಟ್ರಯ್ಯ ವಂದನಾ ಕಡೆ ತಿರುಗಿದರು. "ಏನ್ ಮಾಡಿದ್ಯವ್ವ ನೀನು? ಬ್ಯಾರೆಯವರ ಔಷಧಿ ಕೊಟ್ಟಿಯೇನು?"

"ಇಲ್ಲ... ಇಲ್ರಿ... ನಾ ಸರಿಯಾಗೇ..." ವಂದನಾ ಕಪಾಟಿನ ಬಾಟಲಿಗಳನ್ನು ತಡಕಾಡತೊಡಗಿದರು. ತನ್ನ ಮೇಲೆ ತನಗೇ ನಂಬಿಕೆ ಹೋಗಿತ್ತು.

ಮಂಚದ ಮೇಲೆ ವಿದ್ಯಾಧೀಶನ ದವಡೆ ಬಿಗಿಯುತ್ತಿತ್ತು.

ಗಂಗಾ ಬಾಟಲಿಗಳನ್ನೂ ಮಂಚವನ್ನೂ ನೋಡಿದಳು. 'ಹೇಳಿದ್ರ ಈ ಮನಿ ಬಾಗಿಲು ನನಗ ಮುಚ್ಚಿತು. ಇವರ ಮುಖ ಮತ್ತ ನೋಡಂಗಿಲ್ಲ. ಹೇಳದಿದ್ರ... ಹೇಳದಿದ್ರ ನೋಡಾಕ ಇವರೇ ಇರಂಗಿಲ್ಲ!'

"ಅವ್ರು ತಿಂದಿಲ್ಲ!"

ಎಲ್ಲರೂ ತಿರುಗಿದರು.

"ಒಂದು ತುತ್ತೂ ತಿಂದಿಲ್ರಿ! ನನ್ನ ಕೈದು ಬ್ಯಾಡ ಅಂದ್ರಂತ ಸಿಟ್ಟು ಬಂತು. ನಾಯಿಗೆ ಹಾಕಿ ಖಾಲಿ ತಟ್ಟಿ ಇಟ್ಟೆ. ಸಿಸ್ಟರ್‌ದು ತಪ್ಪಿಲ್ಲ... ನನ್ನನ್ನ ಬೇಕಾದ್ದು ಮಾಡ್ರಿ, ಅವ್ರನ್ನ ಉಳಿಸ್ರಿ!"

ವಂದನಾ ಅವಳನ್ನು ಒಂದು ಕ್ಷಣ ನೋಡಿದರು. ಬೈಯಲು ಪುರುಸೊತ್ತು ಇರಲಿಲ್ಲ. ಡಾಕ್ಟರ ಅಪ್ಪಣೆ ಪಡೆದು, ನರಕ್ಕೆ ಗ್ಲೂಕೋಸ್ ಕೊಡಲು ಸೂಜಿ ಹಿಡಿದರು. ತಣ್ಣಗಾದ ಕೈಯಲ್ಲಿ ನರವೇ ಸಿಗಲಿಲ್ಲ! ಮೊದಲ ಸಲ ತಪ್ಪಿತು. ಎರಡನೆಯದೂ ತಪ್ಪಿತು. ಗಂಗಾ ಮಂಚದ ಕಾಲು ಹಿಡಿದು ಕುಸಿದಳು. ಯಾವ ದೇವರ ಹೆಸರು ಹೇಳಬೇಕೋ ತಿಳಿಯದೆ, ಕೊಟ್ಟೂರು ಬಸವಣ್ಣನನ್ನೂ ಅವನ ಹನುಮಪ್ಪನನ್ನೂ ಒಟ್ಟಿಗೇ ಕರೆದಳು.

"ಸಿಕ್ತು," ಎಂದರು ವಂದನಾ.

ಔಷಧ ನಿಧಾನವಾಗಿ ಒಳಗೆ ಇಳಿಯಿತು. ಬಿಗಿದ ದವಡೆ ಸಡಿಲಾಯಿತು. ರೆಪ್ಪೆ ಅಲುಗಿತು.

"...ಏನ್ರಿ ಇಷ್ಟು ಮಂದಿ?" ಎಂದ ವಿದ್ಯಾಧೀಶ ತೊದಲುತ್ತಾ. "ಮಿಕ್ಸಿ ಮತ್ತ ಕೆಟ್ಟದೇನು?"

ಗಂಗಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಅಷ್ಟರಲ್ಲಿ ಸುದ್ದಿ ತಿಳಿದ ರಾಧಾಬಾಯಿ ಆಟೋ ಹಿಡಿದು ಬಂದರು. ಒಳಗೆ ಕಾಲಿಡುತ್ತಲೇ ಹಣೆ ಚಚ್ಚಿಕೊಂಡರು.

"ಏಕಾದಶಿ ಮಾಡು ಅಂತ ಹೇಳಿದ ಪಾಪಿ ನಾನೇ! ಬೈಕಿಂದ ಬಿದ್ದಾಗಿಂದ ಉಪವಾಸ ಬಿಟ್ಟಿದ್ದ. ಸೂಜಿ ಸುರು ಆಗ್ಯಾದಂತ ನನಗೇನು ಗೊತ್ತಪಾ!"

ಗಂಗಾ ತಲೆ ಎತ್ತಿದಳು. ಏಕಾದಶಿ? ಉಪವಾಸ?

"ನೀವಾದ್ರೂ ಹೇಳಬಾರ್ದೇನ್ರಿ, ಸೂಜಿ ಚುಚ್ಚುವಾಗ?" ವಂದನಾ ಅವನನ್ನು ಗದರಿದರು.

"ಸೂಜಿಯಿಂದ ಉಪವಾಸ ಮುರಿಯಂಗಿಲ್ಲಲ್ಲ ಅಂತ ಸುಮ್ಮನ ಕುಂತೆ. ಹಿಂಗಾಗ್ತದಂತ ತಿಳೀಲಿಲ್ಲ," ಎಂದ ವಿದ್ಯಾಧೀಶ. ನಂತರ ಗಂಗಾಳತ್ತ ತಿರುಗಿದ. "ನೀವ್ಯಾಕ ಅಳ್ತೀರಿ?"

ಅವಳು ಎಲ್ಲವನ್ನೂ ಹೇಳಿದಳು. ಬಾಗಿಲಲ್ಲಿ ಕೇಳಿದ ಮಾತು, ನಾಯಿಗೆ ಸುರಿದ ಉಪ್ಪಿಟ್ಟು, ಖಾಲಿ ತಟ್ಟೆ. "ನಿಮ್ಮ ಜೀವಾನ ತೆಗಿತಿದ್ದೆ," ಎಂದಳು.

ರಾಧಾಬಾಯಿ ಬಾಯಿ ತೆರೆದು ನಿಂತರು. "ಅಯ್ಯ ಹುಚ್ಚಿ! ಇಂವ ದಿನಾ ಫೋನ್‌ನಾಗ ನಿನ್ನ ಹೆಸರೇ ಜಪಾ ಮಾಡ್ತಾನ. ಮದುವಿ ಆದ್ರ ಅಕಿನ್ನೇ ಅಂತ ಹಟ ಹಿಡದಾನ. ಯಾರ ಮನಿ ಮಗಳು ಅಂತ ನಾ ಕೇಳಬಾರ್ದೇನು? ನಮ್ಮ ಮಂದಿ ಅಲ್ಲ ಅಂದ. ಹಂಗಾದ್ರ ಒಂದು ಏಕಾದಶಿ ಮಾಡಿ, ಹಂಪಿ ಹನುಮಪ್ಪನ್ನ ನೆನಸಿ, ದ್ವಾದಶಿ ದಿವಸ ಅಕಿನ್ನ ಕೇಳು ಅಂದೆ."

ವಿದ್ಯಾಧೀಶ ಕಣ್ಣು ಮುಚ್ಚಿಕೊಂಡ. ಕಿವಿ ಕೆಂಪಗಾಗಿತ್ತು. "ಅತ್ಯಾ... ನಾಳೆ ನಾನೇ ಹೇಳಾಂವ ಇದ್ದೆ."

"ಏನಾದ್ರೂ ಆಮ್ಯಾಲ ಹೇಳ್ರಿ," ವಂದನಾ ನಡುವೆ ಬಂದರು. "ಎಚ್ಚರಾಗೈತಿ, ಈಗ ಬಾಯಿಂದ ತಿನ್ನಬೇಕು. ತಡಾ ಮಾಡಿದ್ರ ಮತ್ತ ಇಳಿತೈತಿ."

ಎಲ್ಲರೂ ರಾಧಾಬಾಯಿಯ ಮುಖ ನೋಡಿದರು. ಆ ಮುದುಕಿ ಕಣ್ಣೊರೆಸಿಕೊಂಡು ಗಂಗಾಳ ರಟ್ಟೆ ಹಿಡಿದು ಎಬ್ಬಿಸಿದರು.

"ಏಕಾದಶಿ ಹದಿನೈದು ದಿನಕ್ಕ ಮತ್ತ ಬರ್ತದ. ನನ್ನ ಹುಡುಗ ಬರ್ತಾನೇನು? ಹೋಗವಾ, ನಿನ್ನ ಉಪ್ಪಿಟ್ಟೇ ತಗೊಂಡು ಬಾ."

ಗಂಗಾ ತಂದಳು. ಅವನ ಕೈ ಇನ್ನೂ ನಡುಗುತ್ತಿತ್ತು. ಚಮಚ ಹಿಡಿದು ಅವಳು ಅವನ ಮುಖ ನೋಡಿದಳು. ಕೇಳದೆ ಮುಟ್ಟಲು ಈಗಲೂ ಅಂಜಿಕೆ.

"ತಿನ್ನಿಸ್ರಿ," ಎಂದ.

ಒಂದು ಅಗುಳೂ ಬಿಡದೆ ತಿಂದ. ಖಾಲಿ ತಟ್ಟೆಯನ್ನು ಅವನೇ ಎತ್ತಿ ವಂದನಾಗೆ ತೋರಿಸಿದ. ವಂದನಾ ಅದನ್ನು ನೋಡಲಿಲ್ಲ, ಅವನನ್ನೇ ಕೇಳಿದರು. "ತಿಂದ್ರಿಲ್ಲೋ?" ಆಮೇಲೆ ಮೆಲ್ಲಗೆ ಹೇಳಿದರು, "ಬೆಳಿಗ್ಗೆ ತಟ್ಟಿ ನೋಡ್ದೆ, ಮನುಷ್ಯನ್ನ ಕೇಳಲಿಲ್ಲ. ಅದು ನನ್ನ ತಪ್ಪು."

ನಿಗಾ ಇಡಲು ಅವನನ್ನು ಆ ದಿನ ಆಸ್ಪತ್ರೆಗೆ ಕರೆದೊಯ್ದರು. ಕೊಟ್ರಯ್ಯ ಮಾತ್ರ ಕರಗಲಿಲ್ಲ. "ನಿಜ ಹೇಳಿದ್ದಕ್ಕ ಕೆಲಸ ಉಳೀತು ನೋಡವ್ವ. ಆದ್ರ ಹದಿನೈದು ದಿನ ಅಡಿಗಿಮನಿ ಹೊಸ್ತಿಲ ತುಳಿಬ್ಯಾಡ," ಎಂದರು. ಗಂಗಾ ಒಪ್ಪಿಕೊಂಡಳು. ಅದು ನ್ಯಾಯವೆಂದೇ ಅವಳಿಗೆ ಅನಿಸಿತು.

ದ್ವಾದಶಿಯ ಬೆಳಿಗ್ಗೆ ಬ್ಯಾಗು ಹಿಡಿದು ಕುರೆಕುಪ್ಪಕ್ಕೆ ಹೊರಟಳು. ಆಸ್ಪತ್ರೆಯಿಂದ ಮರಳಿದ ವಿದ್ಯಾಧೀಶ ಗೇಟಿನ ಏರಿನ ಕೆಳಗೆ ಕುರ್ಚಿ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಹೊಂಟ್ರೇನು?"

"ಹೂಂ... ನಿಮಗ ನನ್ನ ಮ್ಯಾಲೆ ಸಿಟ್ಟಿಲ್ಲೇನ್ರಿ?"

"ಐತಿ. ಕೇಳಬೇಕಾದ್ದನ್ನ ಕೇಳದಲೇ ನಾಯಿಗೆ ಹಾಕಿದ್ರಲ್ಲ, ಅದಕ್ಕ. ನನ್ನ ಮ್ಯಾಲೂ ಐತಿ. ಹೇಳಬೇಕಾದ್ದನ್ನ ನಾಳೆ ಅಂದೆನಲ್ಲ, ಅದಕ್ಕ." ಅವನು ತಲೆ ಎತ್ತಿ ನೋಡಿದ. "ಇವತ್ತು ಕೇಳ್ತೀನಿ. ನನ್ನ ಕಾಲು ನಡಿಯಂಗಿಲ್ಲ, ಸೂಜಿ ತಪ್ಪಂಗಿಲ್ಲ. ಅಂಜಿಕಿ ಇದ್ರ ಇಲ್ಲ ಅನ್ರಿ, ನಾ ಏನೂ ಅನ್ನಂಗಿಲ್ಲ. ನನ್ನ ಕೂಡ ಇರ್ತೀರೇನ್ರಿ?"

"ಅಂಜಿಕಿ ಐತ್ರಿ," ಎಂದಳು ಗಂಗಾ, ಕಣ್ಣು ತುಂಬಿಕೊಂಡು. "ನಿನ್ನೆ ನಿಮ್ಮ ಕೈ ತಣ್ಣಗಾಗಿತ್ತಲ್ಲ... ಆ ಅಂಜಿಕಿ ಇನ್ನ ಹೋಗಂಗಿಲ್ಲ. ಅದಕ್ಕ ಕೂಡೇ ಇರ್ತೀನಿ."

ಅವನು ನಕ್ಕ. ಅಳುತ್ತಲೇ ನಕ್ಕ. ಗಾಲಿಗೆ ಕೈ ಹಾಕಿದರೆ ನಿನ್ನೆಯ ನಿಶ್ಶಕ್ತಿಗೆ ಕುರ್ಚಿ ಏರು ಹತ್ತಲಿಲ್ಲ.

ಗಂಗಾ ಬ್ಯಾಗು ಕೆಳಗಿಟ್ಟು ಹಿಂದೆ ಬಂದಳು. ಹಿಡಿಕೆಯ ಹತ್ತಿರ ಬಂದ ಅವಳ ಕೈಗಳು ಅಲ್ಲೇ ನಿಂತವು.

"ಕೈ ಇಡ್ಲೇನ್ರಿ?"

"ಇಡ್ರಿ," ಎಂದ ವಿದ್ಯಾಧೀಶ. "ಇನ್ನ ತೆಗೀಬ್ಯಾಡ್ರಿ."