ಎಡಹುರಿ

"ನಿನ್ನ ಹಗ್ಗದಲ್ಲಿ ಸತ್ತ ನಾಯೀನ ಎಳೆಯೋಕೂ ಆಗಲ್ಲ. ಅಳಿಯನಂತೆ ಅಳಿಯ."

ಮಾವ ಎರಡೇ ಜಗ್ಗಿಗೆ ಹಗ್ಗ ಹರಿದು ಅಳಿಯನ ಮುಖಕ್ಕೆಸೆದ. ಶೆಡ್ಡಿನಲ್ಲಿ ನಾರು ಬಾಚುತ್ತಿದ್ದ ಹೆಂಗಸರೆಲ್ಲ ನಕ್ಕರು. ತುಂಬುಬಸುರಿ ಹೆಂಡತಿಯೂ ಬಾಯಿಗೆ ಕೈ ಅಡ್ಡ ಹಿಡಿದದ್ದು ಅವನಿಗೆ ಕಂಡಿತು.

ಮದುವೆಯಾಗಿ ಈ ಹಗ್ಗದ ಮನೆಗೆ ಬಂದು ಸೇರಿದವನು. ಮೈ ಧಗಧಗ ಉರಿಯಿತು. ಕಾಡುಕತ್ತಾಳೆಯ ಎಲೆ ಕೊಳೆಹಾಕಿದ್ದ ಹಿತ್ತಲ ಹೊಂಡದ ಪಕ್ಕ ಕುಕ್ಕರಿಸಿ, ಹಸಿನಾರು ಸೆಳೆದುಕೊಂಡ. ಸತ್ತ ಇಲಿಯ ನಾತ. ಅಂಗೈಗೆ ಉಗುಳಿಕೊಂಡು, ತೊಡೆಯ ಮೇಲೆ ಎಡಕ್ಕೆ ಹೊಸೆಯತೊಡಗಿದ.

ಎಲೆ ಜಜ್ಜುತ್ತಿದ್ದ ಮಾವನ ತಾಯಿ ಕೊರಡು ಕೆಳಗಿಟ್ಟಳು. "ನೀರು ಹಚ್ಚು ಮಗಾ. ಉಗುಳು ಹಚ್ಚಿ ಎಡಕ್ಕೆ ಹೊಸೆದ್ರೆ, ಬಾಯಲ್ಲಿದ್ದ ಮಾತೆಲ್ಲ ಹುರಿಗೆ ಹತ್ತುತ್ತೆ."

"ಹತ್ತಲಿ ಅಜ್ಜಿ. ನಿನ್ನ ಮಗನ ಕುತ್ತಿಗೆಗೇ ಹತ್ತಲಿ," ಎಂದು ನಕ್ಕ.

ಆಮೇಲೆ ಮಾವನೊಬ್ಬನೇ ಸಾಲದೆನಿಸಿತು. ಹೆಂಡತಿಯ ನಗುವೂ ಕಿವಿಯಲ್ಲಿ ಕೊರೆಯುತ್ತಿತ್ತು. ಈ ಮನೆಯ ರಕ್ತ ಬತ್ತಲಿ, ಎಂದ. ಹೊಸೆದಷ್ಟೂ ಅದೇ ಮಾತು.

ಒಳಗೆ ಬಾಚಣಿಗೆಗಳ ಸದ್ದು ಗಕ್ಕನೆ ನಿಂತಿತು. ಏನೋ ದೊಪ್ಪನೆ ಬಿತ್ತು. ಹಗ್ಗ ಹಿಡಿದೇ ಓಡಿದ. ಮಾವ ನೆಲದ ಮೇಲೆ ಒದ್ದಾಡುತ್ತಿದ್ದ. ಒದ್ದೆ ಬಟ್ಟೆ ಹಿಂಡಿದ ಹಾಗೆ ಅವನ ಕೊರಳು ತಾನಾಗಿ ಎಡಕ್ಕೆ ತಿರುಚಿಕೊಳ್ಳುತ್ತಿತ್ತು. ಮೂಗಿನಲ್ಲಿ ರಕ್ತ. ಅಳಿಯನ ಹೊಟ್ಟೆ ಒಂದು ಗಳಿಗೆ ತಣ್ಣಗಾಯಿತು. ಅಷ್ಟರಲ್ಲಿ ಬಾಚಣಿಗೆಯ ಮುಳ್ಳುಗಳ ಮೇಲೆಯೇ ಕೈಯೂರಿ ಹೆಂಡತಿ ಕುಸಿದಳು. ಅವಳ ಕೊರಳಲ್ಲೂ ಅದೇ ತಿರುಚು. ಅವಳೂ ಅದೇ ರಕ್ತ. ಹೊಟ್ಟೆಯೊಳಗಿನದೂ.

ಅಜ್ಜಿ ಕತ್ತು ಹಿಡಿದುಕೊಂಡು ಬಾಗಿಲಿಗೆ ತೆವಳಿದಳು. "ಬಿಚ್ಚೋ. ಹೊಸೆದವನೇ ಬಿಚ್ಚಬೇಕು. ಅದು ನಿನ್ನ ಕೈಗೇ ಏರುತ್ತೆ, ಬಿಡಬೇಡ."

ಬಲಕ್ಕೆ ಬಿಚ್ಚಿದ. ಕಿರುಬೆರಳು ಲಟಕ್ಕೆಂದಿತು. ಬಿಡಲಿಲ್ಲ. ಮುಂದಿನ ಬೆರಳು ಸುತ್ತಿಕೊಂಡಿತು. ಚರ್ಮ ಸೀಳಿತು. ಬಿಳಿ ನರ ಹೊರಬಂತು, ನಾರಿನ ಹಾಗೆ. ಮಣಿಕಟ್ಟು ತಿರುಗಿತು. ತಿರುಗುತ್ತಲೇ ಹೋಯಿತು. ಚೀರಿದ. ಕೊನೆಯ ಎಳೆಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದ.

ಬಾಗಿಲಲ್ಲಿ ಅಜ್ಜಿಯ ಕತ್ತು ಸಡಿಲವಾಯಿತು. ಹೆಂಡತಿ ಕೆಮ್ಮಿದಳು. ಉಸಿರೆಳೆದಳು. ಹೊಟ್ಟೆಯ ಮೇಲೆ ರಕ್ತದ ಕೈಯಿಟ್ಟು ಒಳಗಿನ ಒದೆತಕ್ಕೆ ಕಾದಳು. ಬಂತು. ಮಾವನ ಎದೆ ಮಾತ್ರ ಏಳಲಿಲ್ಲ.

ಅವಳು ಅಪ್ಪನನ್ನು ನೋಡಿದಳು. ಗಂಡನ ತುಟಿಗಂಟಿದ್ದ ನಾರನ್ನು ನೋಡಿದಳು.

"ಹೊಸೆಯುವಾಗ ಬಾಯಲ್ಲಿ ಯಾರಿದ್ರು?" ಎಂದಳು. "ನಾನೂ ಇದ್ನಾ?"

ಅವನು ಎದ್ದ. ಹುರಿಗೊಂಡ ತೋಳನ್ನು ಎದೆಗೊತ್ತಿಕೊಂಡು, ಹೆಂಗಸರು ಸರಿದು ಬಿಟ್ಟ ದಾರಿಯಲ್ಲಿ ನಡೆದುಹೋದ.